ನುಡಿದವನು ನಡೆಸಿದ್ದಾನೆ: ನೆರವೇರಿದ ಪ್ರವಾದನೆಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಯೌವನಸ್ಥರೊಂದಿಗೆ ಸತ್ಯವೇದ ಅಧ್ಯಯನ ನಡೆಸುತ್ತಾ ಬಂದಿದ್ದೇನೆ. ಪ್ರವಾದನೆಗಳ ಪಾಠ ಬಂತೆಂದರೆ ಕೈಗಳು ಒಂದರ ಹಿಂದೊಂದು ಮೇಲೇಳುತ್ತವೆ. ಅವರು ಕೇಳಿದ ಪ್ರಶ್ನೆಗಳ ಜೊತೆಗೆ, ಸಭೆಗೆ ಸೇರದ ಗೆಳೆಯರು ಚಹಾದ ಹೊತ್ತಿನಲ್ಲಿ ಕೇಳಿದವೂ ಇಲ್ಲಿವೆ. ಉತ್ತರ ಹೇಳಲು ಸುಲಭವಾದವುಗಳನ್ನು ಮಾತ್ರ ಆರಿಸಿಕೊಂಡಿಲ್ಲ.

ಪ್ರವಾದನೆ ಎಂದರೆ ಭವಿಷ್ಯ ಹೇಳುವುದು ತಾನೇ?

ಭವಿಷ್ಯ ಅದರ ಒಂದು ಪಾಲು. ಪ್ರವಾದಿಗಳ ಪುಸ್ತಕಗಳನ್ನು ತೆರೆದು ನೋಡಿ, ಹೆಚ್ಚಿನ ಪುಟಗಳು ಅಂದಿನ ಊರಿನ ಅಂದಿನ ಅನ್ಯಾಯದ ಬಗ್ಗೆಯೇ ಇವೆ. ಅಳತೆಯನ್ನು ಕಿರಿದು ಮಾಡಿ ತಕ್ಕಡಿಯಲ್ಲಿ ಮೋಸ ಮಾಡುವ ವರ್ತಕರನ್ನು ಆಮೋಸನು ಬೈಯುತ್ತಾನೆ. ಮನೆಗೆ ಮನೆ, ಹೊಲಕ್ಕೆ ಹೊಲ ಸೇರಿಸಿಕೊಳ್ಳುತ್ತಾ ಬೇರೆಯವರಿಗೆ ಜಾಗವೇ ಉಳಿಯದಂತೆ ಮಾಡುವವರನ್ನು ಯೆಶಾಯನು ಖಂಡಿಸುತ್ತಾನೆ. ಮುಂದಾಗುವುದರ ಮಾತು ಈ ಖಂಡನೆಯ ಬೆನ್ನಿಗೇ ಬರುತ್ತದೆ: ಹೀಗೇ ನಡೆದರೆ ಊರು ಉಳಿಯದು, ಊರು ಬಿದ್ದರೂ ದೇವರು ನಿಮ್ಮನ್ನು ಮರೆಯುವುದಿಲ್ಲ.

ನನಗೆ ಇದನ್ನು ಮನಗಾಣಿಸಿದ್ದು ಯೆರೆಮೀಯನ 32ನೇ ಅಧ್ಯಾಯ. ಬಾಬೆಲಿನ (ಬಾಬಿಲೋನಿನ) ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಊರು ಬೀಳುತ್ತದೆ ಎಂದು ಸಾರಿದ ತಪ್ಪಿಗೆ ಪ್ರವಾದಿ ಅರಮನೆಯ ಕಾವಲಿನಲ್ಲಿದ್ದಾನೆ. ಅಂಥ ಹೊತ್ತಿನಲ್ಲಿ ಅವನು ಅನಾತೋತಿನಲ್ಲಿದ್ದ ದಾಯಾದಿ ಹನಮೇಲನ ಹೊಲವನ್ನು ಹದಿನೇಳು ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಳ್ಳುತ್ತಾನೆ. ಸಾಕ್ಷಿಗಳಿಂದ ರುಜು ಹಾಕಿಸಿ, ಕ್ರಯಪತ್ರ ಬಹುಕಾಲ ಕೆಡದಿರಲೆಂದು ತನ್ನ ಲೇಖಕ ಬಾರೂಕನ ಕೈಯಿಂದ ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ನಾಳೆ ಶತ್ರುವಿನ ಪಾಲಾಗುವ ಹೊಲಕ್ಕೆ ಇಂದು ಯಾರು ಹಣ ಕೊಡುತ್ತಾರೆ? ಈ ದೇಶದಲ್ಲಿ ಮತ್ತೆ ಹೊಲಮನೆಗಳ ಕ್ರಯವಿಕ್ರಯ ನಡೆಯುತ್ತದೆ ಎಂದು ದೇವರು ಮಾತು ಕೊಟ್ಟಿದ್ದನು. ಆ ಮಾತಿನ ಮೇಲೆ ಯೆರೆಮೀಯನು ಬೆಳ್ಳಿ ಸುರಿದನು. ಪ್ರವಾದನೆ ಎಂದಾಗ ನನ್ನ ಕಣ್ಣ ಮುಂದೆ ಬರುವುದು ಗಡಿಗೆಯಲ್ಲಿಟ್ಟ ಆ ಪತ್ರ.

ನಮ್ಮಲ್ಲೂ ಕಾಲಜ್ಞಾನವಿದೆ, ಮೈಲಾರದ ಕಾರಣಿಕವಿದೆ. ಅವಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕನ್ನಡ ನಾಡಿನಲ್ಲಿ ಬೆಳೆದವರಿಗೆ ಈ ಪ್ರಶ್ನೆ ಸಹಜ. ಕೊಡೇಕಲ್ ಬಸವಣ್ಣನವರ ಕಾಲಜ್ಞಾನದ ವಚನಗಳನ್ನು ಭಕ್ತಿಯಿಂದ ಹಾಡುವವರು ನಮ್ಮ ನಡುವೆ ಇದ್ದಾರೆ. ಮೈಲಾರ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲನ್ನು ಕೇಳಲು ಜನಸಾಗರ ನೆರೆಯುತ್ತದೆ, ಮರುದಿನ ಪತ್ರಿಕೆಗಳಲ್ಲಿ ಮಳೆ, ಬೆಳೆ, ರಾಜಕೀಯ ಎಂದು ಅದರ ಅರ್ಥದ ಚರ್ಚೆ ನಡೆಯುತ್ತದೆ. ನೆರೆಹೊರೆಯವರ ಭಕ್ತಿಯನ್ನು ಹಗುರ ಮಾಡಿ ನನ್ನ ನಂಬಿಕೆಯನ್ನು ಎತ್ತಿ ಹಿಡಿಯುವ ಆಸೆ ನನಗಿಲ್ಲ. ಆದರೆ ವ್ಯತ್ಯಾಸವಿದೆ. ಕಾರಣಿಕ ಒಂದು ವರ್ಷಕ್ಕೆ ಒಂದು ನುಡಿ. ಸತ್ಯವೇದದ ಪ್ರವಾದನೆ ನೂರಾರು ವರ್ಷಗಳ ಉದ್ದಕ್ಕೂ ಒಂದೇ ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ. ಅಬ್ರಹಾಮನಿಗೆ ಕೊಟ್ಟ ಮಾತು ದಾವೀದನ ಕಾಲಕ್ಕೆ ಇನ್ನಷ್ಟು ನಿಚ್ಚಳವಾಗುತ್ತದೆ, ಯೆಶಾಯನಲ್ಲಿ ಅನಿರೀಕ್ಷಿತ ತಿರುವು ಪಡೆಯುತ್ತದೆ, ಯೆಹೂದ್ಯರನ್ನು ಬಾಬೆಲಿಗೆ ಸೆರೆಯೊಯ್ದ ಕಾಲದಲ್ಲಿ ಸತ್ತೇಹೋಯಿತು ಎನ್ನಿಸಿ ಮತ್ತೆ ಚಿಗುರುತ್ತದೆ. ಬಿಡಿ ಸಾಲುಗಳನ್ನು ಕಿತ್ತು ತೋರಿಸಿದಾಗ ಅದೂ ಒಗಟಿನಂತೆಯೇ ಕಾಣುತ್ತದೆ. ಕಥೆಯನ್ನು ಮೊದಲಿನಿಂದ ಓದಿದವರಿಗೆ ಹಾಗೆ ಕಾಣುವುದಿಲ್ಲ.

ಹೇಳಿದ್ದು ನಡೆಯದಿದ್ದರೆ?

ಸತ್ಯವೇದವೇ ಆ ಪರೀಕ್ಷೆಯನ್ನು ಮುಂದಿಟ್ಟಿದೆ. ಯೆಹೋವನ ಹೆಸರಿನಲ್ಲಿ ಹೇಳಿದ್ದು ನಡೆಯದಿದ್ದರೆ ಆ ಮಾತು ದೇವರದಲ್ಲ, ಅಂಥ ಪ್ರವಾದಿಗೆ ಹೆದರಬೇಕಾಗಿಲ್ಲ ಎನ್ನುತ್ತದೆ ಧರ್ಮೋಪದೇಶಕಾಂಡದ 18ನೇ ಅಧ್ಯಾಯ. ಅದೇ ಪುಸ್ತಕದ 13ನೇ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಹೇಳಿದ ಗುರುತು ನಿಜವಾಗಿ ನಡೆದರೂ, ಹೇಳಿದವನು ನಿಮ್ಮನ್ನು ದೇವರಿಂದ ದೂರ ಒಯ್ಯುತ್ತಿದ್ದರೆ ಅವನ ಹಿಂದೆ ಹೋಗಬೇಡಿ.

ಯೆರೆಮೀಯ 28 ಇದರ ಜೀವಂತ ಉದಾಹರಣೆ. ಎರಡು ವರ್ಷದೊಳಗೆ ಬಾಬೆಲಿನ ನೊಗ ಮುರಿಯುತ್ತದೆ ಎಂದು ಹನನ್ಯನು ದೇವಾಲಯದಲ್ಲಿ ಎಲ್ಲರೆದುರು ಸಾರುತ್ತಾನೆ. ಯೆರೆಮೀಯನ ಮೊದಲ ಮಾತು ಆಮೆನ್, ಹಾಗೆಯೇ ಆಗಲಿ! ತನ್ನ ಮಾತೇ ಸುಳ್ಳಾಗಲಿ, ಜನ ಉಳಿಯಲಿ ಎಂದು ಬಯಸುವವನ ಆಮೆನ್ ಅದು. ಆದರೆ ಹನನ್ಯನ ಮಾತು ನಡೆಯಲಿಲ್ಲ. ಜನ ಕೇಳಬಯಸುವುದನ್ನು ಹೇಳಿದ ಪ್ರವಾದಿ ಸುಳ್ಳಾದನು, ಹೇಳಲು ನೋಯುತ್ತಿದ್ದ ಪ್ರವಾದಿಯ ಮಾತು ಉಳಿಯಿತು.

ಯೋನನ ಕಥೆಯನ್ನು ಮುಂದಿಟ್ಟು ಕೆಲವರು ಕೇಳುತ್ತಾರೆ: ನಾಲ್ವತ್ತು ದಿನಗಳಲ್ಲಿ ನಿನೆವೆ ಕೆಡವಲ್ಪಡುವುದು ಎಂದಿದ್ದನಲ್ಲ, ಕೆಡವಲ್ಪಡಲಿಲ್ಲವಲ್ಲ? ಎಚ್ಚರಿಕೆಯ ಮಾತಿನಲ್ಲಿ ಪಶ್ಚಾತ್ತಾಪಕ್ಕೆ ಯಾವಾಗಲೂ ಬಾಗಿಲಿದೆ ಎಂದು ಯೆರೆಮೀಯ 18 ಸ್ಪಷ್ಟವಾಗಿ ಹೇಳುತ್ತದೆ. ನಿನೆವೆಯವರು ಆ ಬಾಗಿಲಿನಿಂದ ಒಳಬಂದರು. ಮುಂದೆ ಅದೇ ನಗರದ ನಾಶವನ್ನು ನಹೂಮನು ಸಾರಿದನು, ಕ್ರಿ.ಪೂ. 612ರಲ್ಲಿ ಅದು ನೆಲಕ್ಕುರುಳಿತು.

ಘಟನೆ ನಡೆದ ಮೇಲೆ ಬರೆದು, ಮೊದಲೇ ಹೇಳಿದಂತೆ ತೋರಿಸಿರಬಹುದಲ್ಲವೇ?

ಯೇಸುವಿನ ಕುರಿತ ಪ್ರವಾದನೆಗಳ ಮಟ್ಟಿಗೆ ಇದಕ್ಕೆ ಉತ್ತರ ಗುಹೆಯೊಂದರಲ್ಲಿ ಸಿಕ್ಕಿದೆ. 1947ರ ಸುಮಾರಿಗೆ ಸತ್ತ ಸಮುದ್ರದ ಬಳಿಯ ಕುಮ್ರಾನಿನಲ್ಲಿ ಬೆದುಯಿನ್ ಕುರುಬರಿಗೆ ಮಣ್ಣಿನ ಗಡಿಗೆಗಳಲ್ಲಿಟ್ಟ ಚರ್ಮದ ಸುರುಳಿಗಳು ಸಿಕ್ಕವು. ಅವುಗಳಲ್ಲಿ ಒಂದು ಯೆಶಾಯನ ಪುಸ್ತಕ. 66 ಅಧ್ಯಾಯಗಳೂ ಇರುವ, ಏಳು ಮೀಟರಿಗಿಂತ ಉದ್ದದ ಸುರುಳಿ. ಅಕ್ಷರಗಳ ರೂಪದಿಂದ ವಿದ್ವಾಂಸರು ಅದನ್ನು ಕ್ರಿ.ಪೂ. 2ನೇ ಶತಮಾನದ್ದೆಂದು ಹೇಳುತ್ತಾರೆ, ಅಂದರೆ ಯೇಸು ಹುಟ್ಟುವುದಕ್ಕೆ ನೂರು ವರ್ಷಗಳಿಗೂ ಮೊದಲಿನದು. ಅದಕ್ಕೆ ಮುಂಚೆ ನಮ್ಮಲ್ಲಿದ್ದ ಹೀಬ್ರೂ ಪ್ರತಿಗಳು ಕ್ರಿ.ಶ. 10ನೇ ಶತಮಾನದ ಆಸುಪಾಸಿನವು. ಒಂದೇ ಜಿಗಿತಕ್ಕೆ ಸಾವಿರ ವರ್ಷ ಹಿಂದಕ್ಕೆ ಹೋದೆವು. ಬರಹದಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳು ಬೇಕಾದಷ್ಟಿವೆ, ಆದರೆ 53ನೇ ಅಧ್ಯಾಯ ನಾವು ಇಂದು ಓದುವ ಅಧ್ಯಾಯವೇ. ಯಾವ ಕ್ರೈಸ್ತನ ಕೈಯೂ ಅದನ್ನು ತಿದ್ದಿರಲು ಸಾಧ್ಯವಿಲ್ಲ. ಸುರುಳಿ ಈಗ ಯೆರೂಸಲೇಮಿನ ಇಸ್ರೇಲ್ ವಸ್ತುಸಂಗ್ರಹಾಲಯದಲ್ಲಿದೆ.

ಪತ್ರ ಕೆಡದಿರಲೆಂದು ಗಡಿಗೆಯಲ್ಲಿಡುವ ಆ ರೂಢಿ ಯೆರೆಮೀಯನಿಂದ ಕುಮ್ರಾನಿನ ತನಕ ಬಂದದ್ದನ್ನು ನೆನೆದಾಗ ನನಗೆ ಪ್ರತಿಸಲವೂ ಮೈ ಜುಮ್ಮೆನ್ನುತ್ತದೆ.

ಒಂದೇ ಒಂದು ಪ್ರವಾದನೆಯನ್ನು ತೋರಿಸಿ ಎಂದರೆ ಯಾವುದನ್ನು ತೋರಿಸುತ್ತೀರಿ?

ಯೆಶಾಯ 53. ಇನ್ನೂ ಸರಿಯಾಗಿ ಹೇಳಬೇಕೆಂದರೆ 52ನೇ ಅಧ್ಯಾಯದ 13ನೇ ವಚನದಿಂದ.

ಅಲ್ಲಿ ಯೆಹೋವನ ಸೇವಕನೊಬ್ಬ ಬರುತ್ತಾನೆ. ನೋಡಿ ಆಸೆಪಡುವಂಥ ಅಂದಚೆಂದ ಅವನಲ್ಲಿಲ್ಲ. ಒಣನೆಲದಲ್ಲಿ ಎದ್ದ ಬೇರಿನ ಮೊಳಕೆ ಅವನು. ಜನ ಮುಖ ತಿರುಗಿಸಿಕೊಳ್ಳುತ್ತಾರೆ. ಈ ಸಂಕಟ ಅವನ ಪಾಪಕ್ಕೆ ದೇವರು ಕೊಟ್ಟ ಪೆಟ್ಟು ಎಂದುಕೊಳ್ಳುತ್ತಾರೆ. ಆಮೇಲೆ ಕವಿತೆ ಹೊರಳುತ್ತದೆ: ಹೊತ್ತದ್ದು ನಮ್ಮ ಸಂಕಟವನ್ನು, ಗಾಯವಾದದ್ದು ನಮ್ಮ ದ್ರೋಹಗಳಿಗಾಗಿ. ಕಡಿಯಲು ಒಯ್ಯುವ ಕುರಿಮರಿಯಂತೆ ಅವನು ಬಾಯಿ ತೆರೆಯುವುದಿಲ್ಲ. ಅನ್ಯಾಯದ ತೀರ್ಪಿನಿಂದ ಸಾಯುತ್ತಾನೆ. ಅವನ ಸಮಾಧಿಯ ಸಾಲಿನಲ್ಲಿ ದುಷ್ಟರೂ ಇದ್ದಾರೆ, ಐಶ್ವರ್ಯವಂತನೂ ಇದ್ದಾನೆ. ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯುವುದಿಲ್ಲ. ಸತ್ತವನು ಸಂತಾನವನ್ನು ನೋಡುತ್ತಾನೆ, ದೀರ್ಘಾಯುಷ್ಯ ಪಡೆಯುತ್ತಾನೆ. 11ನೇ ವಚನದಲ್ಲಿ ಕುಮ್ರಾನಿನ ಸುರುಳಿಯಲ್ಲೂ ಹಳೆಯ ಗ್ರೀಕ್ ಅನುವಾದದಲ್ಲೂ ಒಂದು ಪದ ಹೆಚ್ಚಿಗೆ ಇದೆ. ಪ್ರಾಣವೇದನೆಯ ಬಳಿಕ ಅವನು ಬೆಳಕನ್ನು ಕಾಣುವನು ಎಂದು ಅವು ಓದುತ್ತವೆ. ಮಧ್ಯಯುಗದ ಹೀಬ್ರೂ ಪ್ರತಿಗಳಲ್ಲಿ ಆ 'ಬೆಳಕು' ಇರಲಿಲ್ಲ.

ಈಗ ಇನ್ನೊಂದು ಬದಿಯನ್ನು ನೋಡಿ. ಪೊಂತ್ಯ ಪಿಲಾತನ ಅಧಿಕಾರದಲ್ಲಿ ಯೇಸುವಿಗೆ ಮರಣದಂಡನೆಯಾಯಿತು ಎಂಬುದನ್ನು ಕ್ರೈಸ್ತರ ಬಗ್ಗೆ ಒಳ್ಳೆಯ ಮಾತಾಡದ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕೂಡ ಬರೆದಿದ್ದಾನೆ. ಯೇಸು ವಿಚಾರಣೆಯಲ್ಲಿ ಮೌನವಾಗಿದ್ದದ್ದು, ಇಬ್ಬರು ಅಪರಾಧಿಗಳ ನಡುವೆ ಶಿಲುಬೆಗೇರಿದ್ದು, ಐಶ್ವರ್ಯವಂತನಾದ ಅರಿಮಥಾಯದ ಯೋಸೇಫನ ಸಮಾಧಿಯಲ್ಲಿ ಇಟ್ಟದ್ದು ಸುವಾರ್ತೆಗಳಲ್ಲಿದೆ. ಒಂದೊಂದು ಎಳೆಯನ್ನು ಬಿಡಿಸಿ ಇದು ಆಕಸ್ಮಿಕ, ಅದೂ ಆಕಸ್ಮಿಕ ಎನ್ನಬಹುದು. ನನ್ನನ್ನು ಹಿಡಿದು ನಿಲ್ಲಿಸುವುದು ಬಿಡಿ ಎಳೆಗಳಿಗಿಂತ ಇಡೀ ನೇಯ್ಗೆ. ತಿರಸ್ಕೃತನಾದ ನಿರಪರಾಧಿಯೊಬ್ಬ ಇತರರ ಪಾಪಕ್ಕಾಗಿ ಸತ್ತು, ಸಾವಿನಾಚೆ ಜಯಿಸಿ, ಅನೇಕರನ್ನು ನೀತಿವಂತರನ್ನಾಗಿ ಮಾಡುತ್ತಾನೆ. ಈ ಮಾತು ಯೇಸುವಿಗೆ ನೂರಾರು ವರ್ಷ ಮೊದಲೇ ಬರಹದಲ್ಲಿ ಇತ್ತು.

ಯೆಹೂದ್ಯರು ಈ ಅಧ್ಯಾಯವನ್ನು ಬೇರೆ ರೀತಿ ಓದುತ್ತಾರಲ್ಲ? ಪುಸ್ತಕ ಅವರದೇ ಅಲ್ಲವೇ?

ಹೌದು, ಪುಸ್ತಕ ಅವರದೇ. ನಮಗದು ಅವರ ಕೈಯಿಂದ ಬಂದ ಕಾಣಿಕೆ, ಇದನ್ನು ಮರೆತು ಮಾತಾಡಬಾರದು. 'ಸೇವಕ' ಎಂದರೆ ಇಸ್ರಾಯೇಲ್ ಜನಾಂಗ ಎಂಬ ವಾಚನ ಬಹಳ ಹಳೆಯದು. ಮೂರನೇ ಶತಮಾನದ ಕ್ರೈಸ್ತ ಪಂಡಿತ ಓರಿಗೆನನು ತಾನು ಮಾತಾಡಿದ ಯೆಹೂದಿ ಪಂಡಿತರು ಹಾಗೆ ವಿವರಿಸಿದರೆಂದು ದಾಖಲಿಸಿದ್ದಾನೆ, 11ನೇ ಶತಮಾನದ ಯೆಹೂದಿ ಪಂಡಿತ 'ರಾಶಿ'ಯ ವ್ಯಾಖ್ಯಾನವೂ ಹಾಗೆಯೇ ಇದೆ. ಆ ಓದಿಗೆ ಆಧಾರವೂ ಇದೆ: ಯೆಶಾಯ 41ರಲ್ಲಿ, 49ರಲ್ಲಿ ದೇವರು ಇಸ್ರಾಯೇಲನ್ನೇ 'ನನ್ನ ಸೇವಕ' ಎಂದು ಕರೆಯುತ್ತಾನೆ.

ಆದರೂ ನಾನು ಬೇರೆ ಕಡೆ ನಿಲ್ಲುವುದಕ್ಕೆ ಕಾರಣ ಪುಸ್ತಕದ ಒಳಗೇ ಇದೆ. 49ನೇ ಅಧ್ಯಾಯದಲ್ಲಿ ಸೇವಕನನ್ನು ಇಸ್ರಾಯೇಲ್ ಎಂದು ಕರೆದ ಬೆನ್ನಿಗೇ, ಇಸ್ರಾಯೇಲನ್ನು ದೇವರ ಬಳಿಗೆ ಮರಳಿ ತರುವ ಕೆಲಸವನ್ನು ಅದೇ ಸೇವಕನಿಗೆ ಒಪ್ಪಿಸಲಾಗುತ್ತದೆ. 53ರಲ್ಲಿ ಅವನಿಗೆ ಪೆಟ್ಟು ಬಿದ್ದದ್ದು 'ನನ್ನ ಜನರ' ದ್ರೋಹಕ್ಕಾಗಿ. ಅವನ ಬಾಯಲ್ಲಿ ವಂಚನೆಯಿಲ್ಲ. ಆ ಜನರನ್ನೇ ಯೆಶಾಯನು ಮೊದಲ ಅಧ್ಯಾಯದಿಂದ ಪಾಪಿಷ್ಠ ಜನಾಂಗ ಎಂದು ಗದರಿಸುತ್ತಾ ಬಂದಿದ್ದಾನೆ. ಜನಾಂಗದ ಹೆಸರು ಹೊತ್ತು, ಜನಾಂಗಕ್ಕಾಗಿ ನಿಂತ ಒಬ್ಬ ವ್ಯಕ್ತಿ ಎಂದು ಓದಿದರೆ ಎರಡೂ ಕೂಡಿಬರುತ್ತವೆ. ಯೆಹೂದಿ ಪಂಡಿತರ ಹಳೆಯ ಚರ್ಚೆಗಳ ಸಂಗ್ರಹವಾದ ಬಾಬಿಲೋನಿನ ತಾಲ್ಮುದಿನಲ್ಲಿಯೂ ಒಂದೆಡೆ 53ರ ಸಂಕಟದ ಸಾಲನ್ನು ಮೆಸ್ಸೀಯನಿಗೆ, ಅಂದರೆ ದೇವರು ಕಳುಹಿಸುವನೆಂದು ಎದುರುನೋಡುವ ಅಭಿಷಿಕ್ತನಿಗೆ, ಅನ್ವಯಿಸಿರುವುದುಂಟು.

ಇಲ್ಲಿ ಒಂದು ನೋವಿನ ಮಾತನ್ನು ಸೇರಿಸಲೇಬೇಕು. 1263ರಲ್ಲಿ ಬಾರ್ಸೆಲೋನಾದಲ್ಲಿ ಅರಸನ ಮುಂದೆ ಯೆಹೂದಿ ಪಂಡಿತ ನಹ್ಮಾನಿಡೀಸರನ್ನು ಇವೂ ಸೇರಿದ ವಚನಗಳ ಮೇಲೆ ವಾದಕ್ಕೆ ನಿಲ್ಲಿಸಲಾಯಿತು. ಕೊನೆಗೆ ಅವರು ದೇಶವನ್ನೇ ಬಿಡಬೇಕಾಯಿತು. ಪೆಟ್ಟು ತಿಂದ ಸೇವಕನ ಅಧ್ಯಾಯವನ್ನು ಕೈಯಲ್ಲಿ ಹಿಡಿದು ಇನ್ನೊಬ್ಬರಿಗೆ ಪೆಟ್ಟು ಕೊಟ್ಟವರು, ಆ ಅಧ್ಯಾಯವನ್ನು ಓದಿರಲಿಲ್ಲ ಎಂದೇ ನಾನು ಹೇಳುತ್ತೇನೆ.

ಯೇಸುವಿಗೆ ಈ ಬರಹಗಳು ಗೊತ್ತಿದ್ದವು. ಬೇಕೆಂದೇ ಅವುಗಳಂತೆ ನಡೆದುಕೊಂಡಿರಬಾರದೇಕೆ?

ಕೆಲವನ್ನು ಬೇಕೆಂದೇ ಮಾಡಿದನು, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಜೆಕರ್ಯ 9ರ ಅರಸನು ಕತ್ತೆಯ ಮೇಲೆ ಬರುತ್ತಾನೆ. ಯೇಸು ಕತ್ತೆಯನ್ನು ತರಿಸಿ ಅದರ ಮೇಲೆ ಕುಳಿತು ಯೆರೂಸಲೇಮನ್ನು ಪ್ರವೇಶಿಸಿದನು. ಕುದುರೆಯೇರಿ ಬರುವ ಅರಸ ನಾನಲ್ಲ, ಜೆಕರ್ಯನು ಹೇಳಿದ ದೀನನಾದ ಅರಸ ನಾನು ಎಂದು ನಡೆಯಿಂದಲೇ ಸಾರಿದನು. ಆದರೆ ಮೀಕ 5 ಹೇಳುವ ಬೇತ್ಲೆಹೇಮಿನಲ್ಲಿ ಹುಟ್ಟುವುದನ್ನು ಯಾರೂ ಏರ್ಪಡಿಸಿಕೊಳ್ಳಲಾರರು. ಕೀರ್ತನೆ 22 ಹೇಳುವಂತೆ ಬಟ್ಟೆಗಾಗಿ ಚೀಟು ಹಾಕುವ ರೋಮನ್ ಸಿಪಾಯಿಗಳ ಮನಸ್ಸು ಶಿಲುಬೆಯಲ್ಲಿರುವವನ ಕೈಯಲ್ಲಿಲ್ಲ. ಮೂರನೆಯ ದಿನ ಸಮಾಧಿಯನ್ನು ಬರಿದು ಮಾಡುವುದಂತೂ ಸತ್ತವನ ಕೈಲಾಗುವ ನಾಟಕವಲ್ಲ.

ಹಾಗಾದರೆ ಸುವಾರ್ತೆ ಬರೆದವರು ಪ್ರವಾದನೆಗೆ ಹೊಂದುವಂತೆ ಕಥೆ ಕಟ್ಟಿರಬಹುದು.

ನನ್ನ ಅನುಭವದಲ್ಲಿ ಇದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಇದಕ್ಕೆ ಉತ್ತರ ಸಿಗುವುದು ವಿಚಿತ್ರವಾಗಿ ಮತ್ತಾಯನ ಅತಿ ಕಷ್ಟದ ವಚನಗಳಲ್ಲಿ. ಐಗುಪ್ತದೊಳಗಿಂದ ನನ್ನ ಮಗನನ್ನು ಕರೆದೆನು ಎಂಬ ಹೋಶೇಯ 11ರ ಮಾತನ್ನು ಅವನು ಯೇಸುವಿಗೆ ಅನ್ವಯಿಸುತ್ತಾನೆ. ಮೂಲದಲ್ಲಿ ಅದು ಮೋಶೆಯ ಕಾಲದ ಬಿಡುಗಡೆಯ ನೆನಪು, ಭವಿಷ್ಯದ ಮಾತೇ ಅಲ್ಲ. 'ನಜರೇತಿನವನೆನಿಸಿಕೊಳ್ಳುವನು' ಎಂಬ ಮಾತು ಹಳೆಯ ಒಡಂಬಡಿಕೆಯಲ್ಲಿ ಆ ರೂಪದಲ್ಲಿ ಎಲ್ಲೂ ಸಿಗುವುದಿಲ್ಲ. ಯೆಶಾಯ 11ರ 'ಚಿಗುರು' ಎಂಬ ಅರ್ಥದ ಹೀಬ್ರೂ ಪದದ ನಾದವನ್ನು ಅವನು ಹಿಡಿದಿರಬೇಕು ಎಂದು ಹಲವರು ವಿವರಿಸುತ್ತಾರೆ. ಬರಹವನ್ನು ಮುಂದಿಟ್ಟುಕೊಂಡು ಘಟನೆಯನ್ನು ಹೊಲಿಯುವವನು ಇಷ್ಟು ಸಡಿಲವಾಗಿ ಹೊಲಿಯುತ್ತಿರಲಿಲ್ಲ. ಘಟನೆ ಮೊದಲು ನಡೆದಿದೆ. ಕಂಡದ್ದಕ್ಕೆ ಅರ್ಥ ಹುಡುಕುತ್ತಾ ಶಿಷ್ಯರು ಬರಹದ ಮೂಲೆಮೂಲೆಗಳನ್ನು ತಡಕಾಡಿದ್ದಾರೆ.

ಮತ್ತಾಯನು ಬಳಸುವ 'ನೆರವೇರಿತು' ಎಂಬ ಗ್ರೀಕ್ ಕ್ರಿಯಾಪದಕ್ಕೆ ಮೂಲಾರ್ಥ ಪಾತ್ರೆ ತುಂಬುವುದು. ಇಸ್ರಾಯೇಲಿನ ಕಥೆಯಲ್ಲಿ ಅರ್ಧ ತುಂಬಿದ್ದ ಪಾತ್ರೆ ಯೇಸುವಿನಲ್ಲಿ ಕಂಠದವರೆಗೆ ತುಂಬಿತು ಎಂದು ಓದಿದರೆ ಹೋಶೇಯನ ಮಾತು ಕಷ್ಟವೆನಿಸುವುದಿಲ್ಲ.

ಇನ್ನೊಂದು ಸಂಗತಿ. ಶಿಲುಬೆಗೇರಿದ ಮೆಸ್ಸೀಯನನ್ನು ಅಂದು ಯಾರೂ ಎದುರುನೋಡುತ್ತಿರಲಿಲ್ಲ. ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತ ಎನ್ನುತ್ತದೆ ಧರ್ಮೋಪದೇಶಕಾಂಡ 21. ಜನರ ಮನಸ್ಸನ್ನು ಒಲಿಸಿಕೊಳ್ಳಲು ಕಥೆ ಕಟ್ಟುವವರಿಗೆ ಇದಕ್ಕಿಂತ ಕೆಟ್ಟ ಕಥಾವಸ್ತು ಇರಲಿಲ್ಲ.

ಯೆಶಾಯ 7:14ರಲ್ಲಿ 'ಕನ್ಯೆ' ಎಂದಿದೆಯೇ, 'ಯುವತಿ' ಎಂದಿದೆಯೇ?

ಹೀಬ್ರೂ ಪದ 'ಅಲ್ಮಾ', ಅಂದರೆ ಹರೆಯದ ಹೆಣ್ಣುಮಗಳು. ಕ್ರಿಸ್ತಪೂರ್ವದಲ್ಲೇ ಯೆಹೂದ್ಯರು ಮಾಡಿದ ಗ್ರೀಕ್ ಅನುವಾದದಲ್ಲಿ ಕನ್ಯೆ ಎಂಬ ಅರ್ಥದ 'ಪಾರ್ಥೆನೋಸ್' ಇದೆ. ಮತ್ತಾಯನು ಉಲ್ಲೇಖಿಸಿದ್ದು ಅದನ್ನು. ಈ ಮಾತು ಮೊದಲು ಹೇಳಿದ್ದು ಕ್ರಿ.ಪೂ. 735ರ ಸುಮಾರಿಗೆ, ಇಬ್ಬರು ಅರಸರ ದಾಳಿಗೆ ಹೆದರಿ ನಡುಗುತ್ತಿದ್ದ ಯೆಹೂದದ ಅರಸ ಆಹಾಜನಿಗೆ. ಮಗು ಒಳ್ಳೆಯದು ಕೆಟ್ಟದ್ದನ್ನು ತಿಳಿಯುವಷ್ಟರಲ್ಲಿ ಆ ಅರಸರ ದೇಶ ಹಾಳಾಗುವುದು ಎಂದಿದೆ. ಆ ಕಾಲಕ್ಕೇ ಅದಕ್ಕೊಂದು ಅರ್ಥವಿತ್ತು. 'ದೇವರು ನಮ್ಮ ಸಂಗಡ' ಎಂಬ ಆ ಹೆಸರು ಪೂರ್ಣವಾಗಿ ತುಂಬಿದ್ದು ಮರಿಯಳ ಮಗನಲ್ಲಿ ಎಂದು ನಾನು ನಂಬುತ್ತೇನೆ. ಆದರೆ ವಾದಕ್ಕೆ ಕೂತಾಗ ಮೊದಲು ಎತ್ತಿಕೊಳ್ಳುವ ವಚನ ಇದಲ್ಲ.

ಕೀರ್ತನೆ 22ರಲ್ಲಿ ಕೈಕಾಲುಗಳನ್ನು ತಿವಿದ ಮಾತು ನಿಜವಾಗಿ ಇದೆಯೇ?

16ನೇ ವಚನದ ಹೀಬ್ರೂ ಪಾಠದಲ್ಲಿ ತೊಡಕಿದೆ. ಸಾಂಪ್ರದಾಯಿಕ ಹೀಬ್ರೂ ಪ್ರತಿಗಳು 'ಸಿಂಹದ ಹಾಗೆ' ಎಂದು ಓದುತ್ತವೆ. ಹಳೆಯ ಗ್ರೀಕ್ ಅನುವಾದದಲ್ಲಿ ಅಗೆದರು, ತೋಡಿದರು ಎಂಬ ಕ್ರಿಯಾಪದವಿದೆ. ಸತ್ತ ಸಮುದ್ರದ ಬಳಿಯ ನಹಲ್ ಹೆವೆರಿನಲ್ಲಿ ಸಿಕ್ಕ ಪ್ರಾಚೀನ ತುಣುಕೊಂದು ಕ್ರಿಯಾಪದದ ಕಡೆಗೇ ವಾಲುತ್ತದೆ. ಒಂದು ಅಕ್ಷರ ತುಸು ಉದ್ದವೋ ಗಿಡ್ಡವೋ ಎಂಬಷ್ಟರ ವ್ಯತ್ಯಾಸ ಅದು. ಗಮನಿಸಬೇಕಾದ ವಿಷಯವೆಂದರೆ ಹೊಸ ಒಡಂಬಡಿಕೆ ಈ ವಚನವನ್ನು ಎಲ್ಲೂ ಉಲ್ಲೇಖಿಸುವುದಿಲ್ಲ. ಅದು ಎತ್ತಿಕೊಳ್ಳುವುದು ಮೊದಲ ಸಾಲಿನ ಕೂಗನ್ನು, ಗೇಲಿ ಮಾಡುವವರ ತಲೆಯಾಡಿಸುವಿಕೆಯನ್ನು, ಹಂಚಿಕೊಂಡ ಬಟ್ಟೆಗಳನ್ನು. 'ನನ್ನ ದೇವರೇ, ನನ್ನ ದೇವರೇ' ಎಂದು ಯೇಸು ಕೂಗಿದಾಗ ಆ ಕೀರ್ತನೆಯನ್ನು ಬಾಯಿಪಾಠ ಬಲ್ಲವರಿಗೆ ಅದರ ಕೊನೆಯೂ ನೆನಪಾಗಿರಬೇಕು. ಆ ಕೊನೆಯಲ್ಲಿ ಭೂಮಿಯ ಕಟ್ಟಕಡೆಯವರೂ ದೇವರ ಕಡೆಗೆ ತಿರುಗುತ್ತಾರೆ.

ಕೋರೆಷನ ಹೆಸರನ್ನು ಮೊದಲೇ ಹೇಳಿದ್ದು ದೊಡ್ಡ ಸಾಕ್ಷಿಯಲ್ಲವೇ?

ಯೆಶಾಯ 44 ಮತ್ತು 45 ಪರ್ಷಿಯದ ಅರಸ ಕೋರೆಷನನ್ನು ಹೆಸರು ಹಿಡಿದು ಕರೆಯುತ್ತವೆ. ಕ್ರಿ.ಪೂ. 539ರಲ್ಲಿ ಬಾಬಿಲೋನ್ ಅವನ ಕೈಸೇರಿತು, ಯೆಹೂದ್ಯರು ಊರಿಗೆ ಮರಳಿದರು. 1879ರಲ್ಲಿ ಬಾಬಿಲೋನಿನ ಅವಶೇಷಗಳಲ್ಲಿ ಸಿಕ್ಕ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಕೋರೆಷನ ಮಣ್ಣಿನ ಉರುಳೆಯಲ್ಲಿ ಅವನು ವಿವಿಧ ಊರುಗಳ ದೇವಮೂರ್ತಿಗಳನ್ನೂ ಜನರನ್ನೂ ಅವರವರ ನೆಲೆಗೆ ಕಳುಹಿಸಿದ ಮಾತಿದೆ. ಯೆರೂಸಲೇಮಿನ ಹೆಸರು ಅದರಲ್ಲಿಲ್ಲ. ಇದೆ ಎಂದು ಹೇಳುವ ಪ್ರಸಂಗಗಳನ್ನು ಕೇಳಿದ್ದೇನೆ, ದಯವಿಟ್ಟು ಹಾಗೆ ಹೇಳಬೇಡಿ.

ಈ ಅಧ್ಯಾಯಗಳು ಎಂದು ಬರೆದವು ಎಂಬುದೇ ಇಲ್ಲಿನ ಚರ್ಚೆ. 40ನೇ ಅಧ್ಯಾಯದಿಂದ ಮುಂದಿನದು ಸೆರೆಯ ಕಾಲದ ಇನ್ನೊಬ್ಬ ಪ್ರವಾದಿಯದು ಎಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಇಡೀ ಪುಸ್ತಕ ಒಬ್ಬನದೇ ಎಂದು ಹೇಳುವವರೂ ಇದ್ದಾರೆ. ಕುಮ್ರಾನಿನ ಸುರುಳಿಯಲ್ಲಿ 39ರ ನಂತರ 40 ಅದೇ ಕಾಲಮಿನ ಕೊನೆಯ ಸಾಲಿನಲ್ಲೇ ಶುರುವಾಗುತ್ತದೆ ನಿಜ, ಆದರೆ ಆ ಸುರುಳಿ ಈ ಚರ್ಚೆಯನ್ನು ತೀರ್ಮಾನಿಸುವಷ್ಟು ಹಳೆಯದಲ್ಲ. ಆದ್ದರಿಂದ ಸಂದೇಹವಾದಿ ಗೆಳೆಯನ ಮುಂದೆ ನಾನು ಕೋರೆಷನನ್ನು ಸಾಕ್ಷಿಗೆ ಕರೆಯುವುದಿಲ್ಲ. ಯಾವ ಲೆಕ್ಕದಲ್ಲಿ ನೋಡಿದರೂ ಯೇಸುವಿಗಿಂತ ಮೊದಲಿನದಾದ 53ನೇ ಅಧ್ಯಾಯಕ್ಕೆ ಈ ತೊಂದರೆಯಿಲ್ಲ.

ತೂರ್ ಪಟ್ಟಣದ ಪ್ರವಾದನೆ?

ಯೆಹೆಜ್ಕೇಲ 26ರಲ್ಲಿ ತೂರಿನ ಕಲ್ಲು, ಮರ, ಮಣ್ಣುಗಳನ್ನು ನೀರಿಗೆ ಹಾಕುವರು ಎಂದಿದೆ. ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಹದಿಮೂರು ವರ್ಷ ಮುತ್ತಿಗೆ ಹಾಕಿದನು. ಆಮೇಲೆ ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ದಡದ ಹಳೆಯ ಊರಿನ ಅವಶೇಷಗಳನ್ನೇ ಸಮುದ್ರಕ್ಕೆ ಸುರಿದು, ಪಟ್ಟಣವಿದ್ದ ದ್ವೀಪದ ತನಕ ದಾರಿ ಕಟ್ಟಿ, ಏಳು ತಿಂಗಳಲ್ಲಿ ಪಟ್ಟಣವನ್ನು ಹಿಡಿದನು. ಓದಿದರೆ ಬೆರಗಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ನೆಬೂಕದ್ನೆಚ್ಚರನ ಶ್ರಮಕ್ಕೆ ತೂರಿನಿಂದ ಪ್ರತಿಫಲ ಸಿಗಲಿಲ್ಲವೆಂದು ಯೆಹೆಜ್ಕೇಲನೇ 29ನೇ ಅಧ್ಯಾಯದಲ್ಲಿ ಬರೆಯುತ್ತಾನೆ. ಪೌಲನು ತೂರಿನ ಶಿಷ್ಯರ ಜೊತೆ ಏಳು ದಿನ ಉಳಿದನೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಇಂದಿಗೂ ಲೆಬನಾನಿನಲ್ಲಿ ಸೂರ್ ಎಂಬ ಹೆಸರಿನಿಂದ ಆ ಊರಿದೆ. 'ಮತ್ತೆಂದೂ ಕಟ್ಟಲ್ಪಡದು' ಎಂಬ ಮಾತನ್ನು ಸಮುದ್ರವನ್ನಾಳಿದ ಆ ಸಾಮ್ರಾಜ್ಯದ ವೈಭವದ ಬಗ್ಗೆ ಹೇಳಿದ್ದೆಂದು ನಾನು ಓದುತ್ತೇನೆ. ಒಪ್ಪದವರೊಂದಿಗೆ ಜಗಳಕ್ಕೆ ಹೋಗುವುದಿಲ್ಲ.

ದಾನಿಯೇಲನ ಎಪ್ಪತ್ತು ವಾರಗಳ ಲೆಕ್ಕ ಯೇಸುವಿನ ದಿನಕ್ಕೆ ಸರಿಯಾಗಿ ಬಂದು ನಿಲ್ಲುತ್ತದಂತೆ?

ವಾರವೆಂದರೆ ಏಳು ವರ್ಷ ಎಂದು ಹಿಡಿದು ಮಾಡುವ ಲೆಕ್ಕ ಅದು. ಯೆರೂಸಲೇಮನ್ನು ಮತ್ತೆ ಕಟ್ಟುವ ಯಾವ ಆಜ್ಞೆಯಿಂದ ಎಣಿಸಬೇಕು, ವರ್ಷಕ್ಕೆ 360 ದಿನವೋ 365 ದಿನವೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಉತ್ತರ ಮೊದಲೇ ಗೊತ್ತಿದ್ದಾಗ ಆರಂಭವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಕಷ್ಟವಲ್ಲ. ದಾನಿಯೇಲ 9ರಲ್ಲಿ ಅಭಿಷಿಕ್ತನು ಛೇದಿಸಲ್ಪಡುವನು, ಆಮೇಲೆ ಪಟ್ಟಣವೂ ಪವಿತ್ರಾಲಯವೂ ಹಾಳಾಗುವವು ಎಂದಿರುವುದನ್ನು ಓದಿ, ಕ್ರಿ.ಶ. 70ರಲ್ಲಿ ರೋಮಿನ ತೀತನ ಸೈನ್ಯ ದೇವಾಲಯವನ್ನು ಸುಟ್ಟದ್ದನ್ನು ನೆನೆದು ಮೌನವಾಗುತ್ತೇನೆ. ದಿನ ಎಣಿಸುವುದಿಲ್ಲ.

ಮುನ್ನೂರು ಪ್ರವಾದನೆಗಳು, ಒಂದರ ಮುಂದೆ ಹದಿನೇಳು ಸೊನ್ನೆ ಎಂಬ ಸಂಭವನೀಯತೆ: ಇವನ್ನು ಹೇಳಬಹುದೇ?

ಎಂಟು ಪ್ರವಾದನೆಗಳು ಒಬ್ಬನಲ್ಲೇ ಆಕಸ್ಮಿಕವಾಗಿ ಕೂಡಿಬರುವ ಸಾಧ್ಯತೆ ಅಷ್ಟು ಸೊನ್ನೆಗಳಲ್ಲಿ ಒಂದು ಎಂಬ ಲೆಕ್ಕವನ್ನು ನಾನೂ ಒಂದು ಕಾಲದಲ್ಲಿ ಹುಮ್ಮಸ್ಸಿನಿಂದ ಹೇಳುತ್ತಿದ್ದೆ. ಎಂಜಿನಿಯರಿಂಗ್ ಓದುತ್ತಿದ್ದ ನಮ್ಮ ಸಭೆಯ ಹುಡುಗಿಯೊಬ್ಬಳು ಕೇಳಿದಳು: "ಅಂಕಲ್, ಒಂದೊಂದು ಪ್ರವಾದನೆಗೂ ಇಷ್ಟು ಸಾಧ್ಯತೆ ಎಂದು ನಿಗದಿ ಮಾಡಿದವರು ಯಾರು? ಆ ಎಂಟೂ ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳೇ?" ನನ್ನ ಬಳಿ ಉತ್ತರವಿರಲಿಲ್ಲ. ಅಂದಿನಿಂದ ಆ ಸಂಖ್ಯೆಯನ್ನು ಬಿಟ್ಟಿದ್ದೇನೆ. ಪ್ರವಾದನೆಗಳ ಎಣಿಕೆಯೂ ಅಷ್ಟೇ. ನೇರವಾಗಿ ಮುಂದಿನದನ್ನು ಹೇಳುವ ವಚನಗಳ ಜೊತೆಗೆ ನೆರಳಿನಂತಿರುವ ಪಸ್ಕದ ಕುರಿ, ಯೋನನ ಮೂರು ದಿನ ಎಲ್ಲವನ್ನೂ ಸೇರಿಸಿದರೆ ಮಾತ್ರ ಎಣಿಕೆ ಮುನ್ನೂರಕ್ಕೆ ಏರುತ್ತದೆ.

ಕತ್ತಿಗಳು ಗುಳಗಳಾಗಲಿಲ್ಲವಲ್ಲ? ನೆರವೇರದೆ ಉಳಿದವುಗಳ ಗತಿ ಏನು?

ಜನಾಂಗಗಳು ಕತ್ತಿಗಳನ್ನು ಕುಲುಮೆಗೆ ಹಾಕಿ ನೇಗಿಲ ಗುಳಗಳನ್ನಾಗಿ ಮಾಡುವವು, ಯುದ್ಧವೇ ಇರದು ಎಂಬ ಯೆಶಾಯ 2ರ ಮಾತು ಇನ್ನೂ ಬಾಕಿ ಇದೆ. ಪ್ರತಿದಿನದ ಸುದ್ದಿ ನೋಡಿದರೆ ಸಾಕು, ಯೆಹೂದಿ ಗೆಳೆಯರು ಈ ಪ್ರಶ್ನೆ ಕೇಳುವುದು ನ್ಯಾಯವೇ ಎಂದು ಗೊತ್ತಾಗುತ್ತದೆ. ಮೆಸ್ಸೀಯನು ಮೊದಲು ಸೇವಕನಾಗಿ ಬಂದನು, ಅರಸನಾಗಿ ಮತ್ತೆ ಬರುವನು ಎಂಬುದು ನಮ್ಮ ಉತ್ತರ. ಇದು ರುಜುವಾತಾದ ಸಂಗತಿಯಲ್ಲ, ನಿರೀಕ್ಷೆ. ಅರ್ಧ ಹಣ ಸಂದಾಯವಾಗಿ, ಪತ್ರ ಕೈಯಲ್ಲಿದ್ದು, ಹೊಲ ಇನ್ನೂ ಸ್ವಾಧೀನಕ್ಕೆ ಬರದಂಥ ಸ್ಥಿತಿ ನಮ್ಮದು. ಕೊಟ್ಟ ಮಾತಿನಲ್ಲಿ ಇಷ್ಟನ್ನು ನಡೆಸಿದವನು ಉಳಿದದ್ದನ್ನೂ ನಡೆಸುವನು ಎಂಬ ಭರವಸೆಯಿಂದ ಕಾಯುತ್ತೇವೆ. ನೆರವೇರಿದ ಪ್ರವಾದನೆ ನಂಬಿಕೆಗೆ ಅಡಿಪಾಯ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಈಗಿನ ಪ್ರವಾದಿಗಳು, ಲೋಕಾಂತ್ಯದ ದಿನಾಂಕಗಳು?

ಆ ದಿನವೂ ಗಳಿಗೆಯೂ ತಂದೆಗೆ ಹೊರತು ಯಾರಿಗೂ ತಿಳಿಯದು ಎಂದು ಯೇಸುವೇ ಹೇಳಿದ್ದಾನೆ (ಮಾರ್ಕ 13:32). ಆದರೂ ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕರ್ತನ ಬರುವಿಕೆಗೆ ಕಾದರು. ಹೊಲದ ಪೈರನ್ನು ಕೊಯ್ಯದೆ ಬಿಟ್ಟವರೂ ಇದ್ದರು. ಮೊಬೈಲಿಗೆ ಬರುವ 'ಈ ತಿಂಗಳು ನಿಮಗೆ ಮನೆ, ಮುಂದಿನ ತಿಂಗಳು ವೀಸಾ' ಎಂಬ ಪ್ರವಾದನೆಗಳನ್ನು ಕಂಡರೆ ನನಗೆ ಹನನ್ಯನ ನೆನಪಾಗುತ್ತದೆ. ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನೇ ಹಿಡಿದುಕೊಳ್ಳಿ ಎಂಬುದು ಪೌಲನ ಬುದ್ಧಿಮಾತು. ಕಾಣಿಕೆಯ ಲಕೋಟೆ ಜೊತೆಗೇ ಬಂದರಂತೂ ಎರಡು ಸಲ ಪರಿಶೋಧಿಸಿ.

ಪ್ರವಾದನೆಗಳನ್ನು ತೋರಿಸಿ ಯಾರನ್ನಾದರೂ ನಂಬಿಸಬಹುದೇ?

ವಾದದಲ್ಲಿ ಸೋತು ನಂಬಿದವರನ್ನು ನಾನು ನೋಡಿಲ್ಲ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ಆಸ್ಥಾನದ ಅಧಿಕಾರಿಯಾದ ಕಂಚುಕಿ ರಥದಲ್ಲಿ ಕುಳಿತು ಯೆಶಾಯ 53ನ್ನು ಓದುತ್ತಿದ್ದನು. ಪ್ರವಾದಿ ಯಾರ ವಿಷಯದಲ್ಲಿ ಹೇಳುತ್ತಿದ್ದಾನೆ, ತನ್ನ ವಿಷಯವೋ ಬೇರೊಬ್ಬನ ವಿಷಯವೋ ಎಂದು ಅವನೇ ಕೇಳಿದನು. ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನು ರಥ ಹತ್ತಿ ಪಕ್ಕದಲ್ಲಿ ಕುಳಿತನು. ಪಕ್ಕದಲ್ಲಿ ಕುಳಿತು ಒಟ್ಟಿಗೆ ಓದುವುದಕ್ಕಿಂತ ಒಳ್ಳೆಯ ವಿಧಾನ ನನಗೆ ಇದುವರೆಗೆ ಸಿಕ್ಕಿಲ್ಲ.

ನಾನೇ ಓದಿ ನೋಡಬೇಕು. ಎಲ್ಲಿಂದ ಶುರು ಮಾಡಲಿ?

ಲೂಕ 24ರಿಂದ. ಎಮ್ಮಾಹುವಿನ ದಾರಿಯಲ್ಲಿ ಮುಖ ಬಾಡಿಸಿಕೊಂಡು ನಡೆಯುತ್ತಿದ್ದ ಇಬ್ಬರಿಗೆ ಯೇಸು ಮೋಶೆಯಿಂದ ಹಿಡಿದು ಎಲ್ಲ ಪ್ರವಾದಿಗಳವರೆಗೆ ವಿವರಿಸಿದ ಕಥೆ ಅಲ್ಲಿದೆ. ಆಮೇಲೆ ಯೆಶಾಯ 40ರಿಂದ 55ರವರೆಗೆ ಒಂದೇ ಪಟ್ಟಿನಲ್ಲಿ ಓದಿ, ಒಂದು ಸಂಜೆ ಸಾಕು. 'ಸೇವಕ' ಎಂಬ ಪದ ಬಂದಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ, ಇದು ಜನಾಂಗವೋ ಒಬ್ಬ ವ್ಯಕ್ತಿಯೋ ಎಂದು ಅಂಚಿನಲ್ಲಿ ಬರೆದುಕೊಳ್ಳಿ. 52ರ 13ನೇ ವಚನಕ್ಕೆ ಬಂದಾಗ ಅಧ್ಯಾಯದ ಗೆರೆಯನ್ನು ಲೆಕ್ಕಿಸದೆ ಮುಂದೆ ಹೋಗಿ. ಆ ಗೆರೆ ಬಹಳ ಶತಮಾನಗಳ ನಂತರ ಬಂದದ್ದು, ಕವಿತೆಯನ್ನು ನಡುವೆಯೇ ತುಂಡರಿಸುತ್ತದೆ. ಗಟ್ಟಿಯಾಗಿ ಓದಿ. ಮನೆಯಲ್ಲಿ ಕೇಳುವವರು ಯಾರಾದರೂ ಇದ್ದರೆ ಅವರಿಗೂ ಕೇಳಿಸುವ ಹಾಗೆ ಓದಿ.